ರಜೆಯಲ್ಲಿ ಏನು ಮಾಡಿದಿರಿ?

ಈ ಸಲ ಈ ಪ್ರಶ್ನೆ ನಮಗೆ ಮೂರು ಕಡೆ ಎದುರಾಯ್ತು. ಹಾಸ್ಟೆಲ್ ಗೇಟಿನಲ್ಲಿ, ಸೆಮಿಸ್ಟರಿನ ಮೊದಲ ಕ್ಲಾಸಿನಲ್ಲಿ, ಆಮೇಲೆ ಒಂದು ಗೂಗಲ್ ಫಾರ್ಮಿನಲ್ಲಿ. ಮೊದಲೆರಡು ಕಡೆ ಹಲ್ಲು ಕಿರಿದು ತಪ್ಪಿಸಿಕೊಂಡೆವು. ಫಾರ್ಮಿನಲ್ಲಿ ಆಗಲಿಲ್ಲ, ಪಕ್ಕದಲ್ಲಿ ಕೆಂಪು ನಕ್ಷತ್ರ ಇತ್ತು. ಇಂಟರ್ನ್‌ಶಿಪ್, ಆನ್‌ಲೈನ್ ಕೋರ್ಸ್, ಪ್ರಾಜೆಕ್ಟ್, ಇತರೆ. ನಮ್ಮ ರೂಮಿನ ನಾಲ್ಕೂ ಜನ 'ಇತರೆ' ಒತ್ತಿದೆವು. ವಿವರ ಕೇಳಿತು. "ಕೌದಿ ಹೊಲಿದೆವು" ಅಂತ ಬರೆದು ಕಳಿಸಿದೆವು.

ತಮಾಷೆಗೆ ಬರೆದದ್ದಲ್ಲ. ಹೊಲಿದದ್ದು ನಿಜ. ಅದರ ಬಗ್ಗೆ ಒಂದು ಅಭಿಪ್ರಾಯವೂ ಇದೆ, ಫಾರ್ಮಿನ ಡಬ್ಬಿಯಲ್ಲಿ ಹಿಡಿಸದಷ್ಟು ಉದ್ದದ್ದು.

ನಮ್ಮಲ್ಲೊಬ್ಬನ ಮನೆ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಒಂದು ಹಳ್ಳಿ. ನಿಂಬೆಹಣ್ಣಿನ ಸೀಮೆ. ಇನ್ನೊಬ್ಬನದು ಧಾರವಾಡ. ಉಳಿದಿಬ್ಬರು ಬೆಂಗಳೂರಿನವರು, ಚಳಿ ಅಂದರೆ ಏಸಿ ಬಸ್ಸು ಅಂದುಕೊಂಡವರು. ಪರೀಕ್ಷೆ ಮುಗಿದ ಮಾರನೇ ದಿನ ಧಾರವಾಡಕ್ಕೆ ಹೋಗಿ ಎರಡು ರಾತ್ರಿ ಇದ್ದು, ಎಳ್ಳ ಅಮಾವಾಸ್ಯೆಗೆ ಹಳ್ಳಿ ಮುಟ್ಟೋದು, ನಾಲ್ಕು ದಿನ ಇದ್ದು ವಾಪಸ್ ಬರೋದು ಅಂತ ಪ್ಲಾನು. ನಾಲ್ಕು ದಿನ ಹನ್ನೊಂದಾಯಿತು. ಯಾಕೆ ಅಂತ ಹೇಳೋಕೆ ಹಿಂದಿನ ವರ್ಷದ ರಜೆಯಿಂದ ಶುರು ಮಾಡಬೇಕು.

ಹಿಂದಿನ ವರ್ಷ ಇದೇ ಚಳಿಗಾಲದಲ್ಲಿ ನಮ್ಮ ಇಂಡಿಯ ಗೆಳೆಯ ಊರಲ್ಲೇ ಇದ್ದ. ದುಡ್ಡು ಕೊಟ್ಟು ಮೆಷಿನ್ ಲರ್ನಿಂಗ್ ಕೋರ್ಸ್ ತಗೊಂಡಿದ್ದ. ಪಡಸಾಲೆಯಲ್ಲಿ ಗೋಡೆಗೆ ಒರಗಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ವಿಡಿಯೋಗಳನ್ನು ಒಂದೂಮುಕ್ಕಾಲು ಪಟ್ಟು ವೇಗದಲ್ಲಿ ಓಡಿಸುತ್ತಿದ್ದ. ಎದುರಿಗೆ ಅವನ ಅಜ್ಜಿ (ಅವರ ಕಡೆ ಆಯಿ ಅಂತಾರೆ) ಕೌದಿ ಹೊಲಿಯುತ್ತಾ ಕೂತಿದ್ದರು. ಅವನಿಗೆ ಇಂಜಿನಿಯರಿಂಗ್ ಸೀಟು ಸಿಕ್ಕ ವರ್ಷ, ಹಾಸ್ಟೆಲಿನಲ್ಲಿ ಮೊಮ್ಮಗನಿಗೆ ಹೊದೆಯೋಕೆ ಅಂತ ಶುರು ಮಾಡಿದ ಕೌದಿ. ಗಂಟೆಗೊಂದು ಸಲ "ತಮ್ಮಾ, ಸೂಜ್ಯಾಗ ದಾರ ಪೋಣಿಸಿ ಕೊಡೋ" ಅಂತಿದ್ದರಂತೆ. ಇವನು "ಒಂದ್ ನಿಮಿಷ ಆಯಿ" ಅಂತಿದ್ದನಂತೆ. ಆ ಒಂದು ನಿಮಿಷ ಮುಗಿಯೋದರೊಳಗೆ ಪಕ್ಕದ ಮನೆಯ ಸಣ್ಣ ಹುಡುಗಿ ಬಂದು ಪೋಣಿಸಿ ಕೊಟ್ಟು ಹೋಗುತ್ತಿದ್ದಳು.

ಸರ್ಟಿಫಿಕೇಟ್ ಬಂತು. ಈಗಲೂ ಅವನ ಲ್ಯಾಪ್‌ಟಾಪಿನ ಡೌನ್‌ಲೋಡ್ಸ್ ಫೋಲ್ಡರಿನಲ್ಲಿದೆ. ಮಧ್ಯೆ ಬೇಸಿಗೆಯಲ್ಲಿ ಆಯಿಯ ಒಂದು ಕಣ್ಣಿಗೆ ಪೊರೆ ತೆಗೆಸಿದರು. ಇನ್ನೊಂದು ಕಣ್ಣಿನದು ಪೊರೆಯ ತೊಂದರೆ ಅಲ್ಲ, ಅಕ್ಷಿಪಟಲದ್ದು, ಇನ್ನು ಹೆಚ್ಚೇನೂ ಮಾಡೋಕಾಗಲ್ಲ ಅಂದರು ಡಾಕ್ಟರು. ಈಗ ಆಯಿಗೆ ಯಾರು ಬಂದರು ಅನ್ನೋದು ಗೊತ್ತಾಗುತ್ತದೆ, ಸೂಜಿಯ ಕಣ್ಣು ಕಾಣಲ್ಲ, ಹೊಲಿಗೆಯ ಸಾಲು ಕಾಣಲ್ಲ. ಈ ಸಲ ನಾವು ಹೋದ ಮೊದಲ ರಾತ್ರಿ, ಹೊದಿಕೆ ಸಾಲದೆ ಅವನು ಟ್ರಂಕು ತೆಗೆದ. ಅರ್ಧ ಹೊಲಿದ ಕೌದಿ ಸುರುಳಿ ಸುತ್ತಿ ಇಟ್ಟಿತ್ತು. ಬಿಚ್ಚಿದರೆ ನಿಂತಲ್ಲೇ ಸೂಜಿ ಚುಚ್ಚಿತ್ತು. ಸೂಜಿಗೆ ತುಕ್ಕು ಹಿಡಿದು ಬಟ್ಟೆಗೆ ಕಂದು ಚುಕ್ಕೆಯಾಗಿತ್ತು. ಅವನು ಏನೂ ಮಾತಾಡಲಿಲ್ಲ. ನಾವೂ ಮಾತಾಡಲಿಲ್ಲ.

ಮಾರನೇ ದಿನ ಬೆಳಿಗ್ಗೆ ಅದನ್ನು ಬಿಸಿಲಿಗೆ ಹಾಕಿ, ಹೊಸ ಸೂಜಿ ತಂದು ಕೂತೆವು.

ಚಳಿಯ ಬಗ್ಗೆ ಸ್ವಲ್ಪ ಹೇಳಲೇಬೇಕು. ಬೆಂಗಳೂರು ವಿಜಯಪುರಕ್ಕಿಂತ 300 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ, ಹಾಗಾಗಿ ಬೆಂಗಳೂರೇ ತಂಪು ಅಂತ ನಮ್ಮ ಬೆಂಗಳೂರಿನ ಇಬ್ಬರ ವಾದ. 1884ರ ಜನವರಿ 13ರಂದು ಬೆಂಗಳೂರಿನಲ್ಲಿ 7.8 ಡಿಗ್ರಿ ಇತ್ತು ಅನ್ನೋ ದಾಖಲೆಯನ್ನೂ ಹುಡುಕಿ ತೋರಿಸಿದರು. ಹಳ್ಳಿಯಲ್ಲಿ ಎರಡನೇ ದಿನ ಬೆಳಗಿನ ಜಾವ ಫೋನು 10 ತೋರಿಸ್ತು, ವಾದ ಅಲ್ಲಿಗೆ ನಿಂತಿತು. ಡಿಸೆಂಬರಿನಲ್ಲಿ ಅಲ್ಲಿ ಗಾಳಿ ಒಣ, ಆಕಾಶದಲ್ಲಿ ಮೋಡ ಇಲ್ಲ. ಮೋಡವೂ ತೇವವೂ ಇದ್ದರೆ ನೆಲ ಬಿಟ್ಟ ಶಾಖದಲ್ಲಿ ಒಂದಷ್ಟು ವಾಪಸ್ ಬರುತ್ತದೆ. ಇಲ್ಲದಿದ್ದರೆ ನೆಲ ರಾತ್ರಿಯಿಡೀ ಆಕಾಶಕ್ಕೆ ಶಾಖ ಸುರಿಯುತ್ತಲೇ ಇರುತ್ತದೆ. ಅಂಗಳದಲ್ಲಿ ಎರಡು ಬೈಕು ನಿಂತಿದ್ದವು. ಬಯಲಲ್ಲಿದ್ದ ಬೈಕಿನ ಸೀಟು ಇಬ್ಬನಿಯಿಂದ ತೊಯ್ದಿತ್ತು, ಬೇವಿನ ಮರದ ಕೆಳಗಿದ್ದದ್ದು ಒಣಗಿತ್ತು. ಹೀಟ್ ಟ್ರಾನ್ಸ್‌ಫರ್ ಪೇಪರಿನಲ್ಲಿ ಹತ್ತು ಮಾರ್ಕಿಗೆ ಬರೆದ ರೇಡಿಯೇಷನ್ ನಮಗೆ ಅರ್ಥವಾದದ್ದು ಆ ಎರಡು ಸೀಟು ಮುಟ್ಟಿ ನೋಡಿದಾಗ.

ಇದೇ ಉಪಾಯದಿಂದ ನಮ್ಮ ದೇಶದಲ್ಲಿ ಫ್ರಿಜ್ಜಿಗಿಂತ ಮುಂಚೆಯೇ ಮಂಜುಗಡ್ಡೆ ಮಾಡುತ್ತಿದ್ದರು. 1775ರಲ್ಲಿ ರಾಬರ್ಟ್ ಬಾರ್ಕರ್ ಎಂಬಾತ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅಲಹಾಬಾದಿನಲ್ಲಿ ಕಂಡದ್ದನ್ನು ಬರೆದಿದ್ದಾನೆ. ಬಯಲಲ್ಲಿ ತಗ್ಗು ತೆಗೆದು, ಒಣ ಕಬ್ಬಿನ ರವದಿ, ಮೆಕ್ಕೆಜೋಳದ ದಂಟು ಹಾಸಿ, ಮೇಲೆ ಆಳವಿಲ್ಲದ ಮಣ್ಣಿನ ಬಟ್ಟಲುಗಳಲ್ಲಿ ನೀರು ಇಡೋದು. ದಂಟು ನೆಲದ ಬಿಸಿ ಬಟ್ಟಲಿಗೆ ಬಾರದಂತೆ ತಡೆಯುತ್ತದೆ, ಬಟ್ಟಲು ಆಕಾಶಕ್ಕೆ ಶಾಖ ಬಿಡುತ್ತದೆ, ಸುತ್ತಲಿನ ಗಾಳಿ ಸೊನ್ನೆ ಮುಟ್ಟದಿದ್ದರೂ ಬೆಳಗಾಗುವುದರೊಳಗೆ ನೀರು ಹೆಪ್ಪುಗಟ್ಟಿರುತ್ತದೆ. ನಾವೂ ಮೂರು ರಾತ್ರಿ ಮಾಳಿಗೆ ಮೇಲೆ ಹುಲ್ಲು ಹಾಸಿ ಪರಟೆಯಲ್ಲಿ ನೀರಿಟ್ಟೆವು. ಮಂಜುಗಡ್ಡೆ ಆಗಲಿಲ್ಲ. ಎರಡು ರಾತ್ರಿ ನೀರು ತಣ್ಣಗಿತ್ತು, ಮೂರನೇ ರಾತ್ರಿ ಬೆಕ್ಕು ಕುಡಿದಿತ್ತು.

ಆ ಬೆಕ್ಕಿನ ಹೆಸರು ಕೆಂಚ. ಕೆಲಸ ಮೂರು: ಆರಿದ ಒಲೆಯ ಬೂದಿಯಲ್ಲಿ ಮಲಗೋದು, ಅಲ್ಲಿಂದ ಎದ್ದು ಬಂದು ಕೌದಿಯ ಮೇಲೆ ಮಲಗೋದು, ಎಬ್ಬಿಸಿದರೆ ದಾರದುಂಡೆ ಎಳೆದುಕೊಂಡು ಹೋಗೋದು. ಬೆಳಿಗ್ಗೆ ಹನ್ನೊಂದಕ್ಕೆ ಬಿಸಿಲು ಚುರುಗುಟ್ಟಿ ನಾವು ನೆರಳಿಗೆ ಸರಿದರೂ ಅದು ಮಾತ್ರ ಬಿಸಿಲಲ್ಲೇ. ಕಾರಣ ಇದೆ. ಮೈ ಬೆಚ್ಚಗಿಡಲು ಹೆಚ್ಚು ಶ್ರಮ ಬೇಡದ ತಾಪಮಾನ ಬೆಕ್ಕಿಗೆ ಸುಮಾರು 30ರಿಂದ 38 ಡಿಗ್ರಿ. ನಮಗೆ ಹಿತವಾದ 25 ಡಿಗ್ರಿ ಅದರ ಲೆಕ್ಕದಲ್ಲಿ ಚಳಿ. ಚೆಂಡಿನ ಹಾಗೆ ಮುದುಡಿಕೊಳ್ಳೋದು ಹೊರಮೈ ಕಡಿಮೆ ಮಾಡಿಕೊಳ್ಳೋಕೆ. ಇಷ್ಟೆಲ್ಲ ತಿಳಿದ ಮೇಲೆ ಅದನ್ನು ಕೌದಿಯಿಂದ ಎಬ್ಬಿಸೋಕೆ ಮನಸ್ಸು ಬರಲಿಲ್ಲ. ಅದು ಮಲಗಿದ ಜಾಗ ಬಿಟ್ಟು ಸುತ್ತ ಹೊಲಿಯುತ್ತಿದ್ದೆವು.

ಕೌದಿ ಅಂದರೆ ಗೊತ್ತಿಲ್ಲದವರಿಗೆ: ಹಳೆಯ ಸೀರೆ, ಧೋತರಗಳನ್ನು ಪದರ ಪದರ ಹಾಸಿ, ಮೇಲೆ ತುಂಡು ಬಟ್ಟೆ ಜೋಡಿಸಿ, ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿನ ಕಡೆಗೆ ಹೊಲಿಯುತ್ತಾ ಬರೋದು. ಹೊಲಿಗೆ ಸಾದಾ, ಸೂಜಿ ಮುಳುಗಿಸೋದು ಎಬ್ಬಿಸೋದು ಅಷ್ಟೇ. ಬೆಚ್ಚಗಿಡೋದು ಬಟ್ಟೆಗಿಂತ ಹೆಚ್ಚಾಗಿ ಪದರಗಳ ನಡುವೆ ಸಿಕ್ಕ ಗಾಳಿ. ನಿಂತ ಗಾಳಿಗಿಂತ ನೀರು ಇಪ್ಪತ್ತು ಪಟ್ಟಿಗೂ ಹೆಚ್ಚು ಚೆನ್ನಾಗಿ ಶಾಖ ಸಾಗಿಸುತ್ತದೆ. ಅದಕ್ಕೇ ಕೌದಿಯನ್ನು ಬಿಸಿಲಿಗೆ ಹಾಕಿ ಪಸೆ ಆರಿಸಿ ಹೊದೀಬೇಕು. ಹೊಲಿಗೆ ತೀರಾ ದೂರವಾದರೆ ಪದರ ಜಾರುತ್ತದೆ, ತೀರಾ ಹತ್ತಿರವಾದರೆ ಪದರ ಅಪ್ಪಳಿಸಿ ಗಾಳಿಗೆ ಜಾಗ ಉಳಿಯಲ್ಲ. ಎಷ್ಟು ದೂರ ಇರಬೇಕು ಆಯಿ ಅಂತ ಕೇಳಿದೆವು. ಕಿರುಬೆರಳು ತೋರಿಸಿದರು. ಯಾರ ಕಿರುಬೆರಳು ಅಂತ ನಮ್ಮಲ್ಲೊಬ್ಬ ಕೇಳಿದ. "ಹೊಲಿಯಾವರದು" ಅಂದರು.

ಅದರಲ್ಲಿ ಆ ಮನೆಯ ಇಪ್ಪತ್ತು ವರ್ಷ ಇತ್ತು. ಅಜ್ಜನ ಧೋತರ, ಅಮ್ಮನ ಇಳಕಲ್ ಸೀರೆಯ ಟೋಪ ತೆನೆಯ ಚೂರು, ಗೆಳೆಯನ ಪ್ರೈಮರಿ ಶಾಲೆಯ ಖಾಕಿ ಚಡ್ಡಿ. ಆ ಚಡ್ಡಿಯ ಜೇಬನ್ನು ಆಯಿ ಬೇಕಂತಲೇ ಬಿಚ್ಚದೆ ಹಾಗೇ ಹಚ್ಚಿದ್ದರು. ಮೊಬೈಲ್ ಇಡೋಕೆ ಅಂತೆ.

ನಾವು ಹೊಲಿದದ್ದು ಹೇಗಿತ್ತು ಅಂತ ಕೇಳಬೇಡಿ. ಮೊದಲ ದಿನದ ಸಾಲುಗಳು ಇಸಿಜಿ ಹಾಗಿದ್ದವು. ಆಯಿ ಕಣ್ಣಿಂದ ನೋಡುತ್ತಿರಲಿಲ್ಲ, ಹೆಬ್ಬೆರಳು ಓಡಿಸುತ್ತಿದ್ದರು. "ಇದನ್ನ ಯಾರ್ ಹಾಕ್ಯಾರಪಾ? ಬಿಚ್ಚು." ಬಿಚ್ಚುತ್ತಿದ್ದೆವು. ಮೂರನೇ ದಿನದ ಹೊತ್ತಿಗೆ ಬೆರಳಾಡಿಸಿಯೇ ಇದು ಬೆಂಗಳೂರವಂದು, ಇದು ಧಾರವಾಡದವಂದು ಅಂತ ಗುರುತು ಹಿಡಿಯುತ್ತಿದ್ದರು. ಒಬ್ಬನ ಹೊಲಿಗೆ ಬಿಗಿ, ಒಬ್ಬನದು ಸಡಿಲ, ಒಬ್ಬನದು ದಾರ ತೀರುವಾಗ ಅವಸರ. ಮೊಮ್ಮಗನ ಹೊಲಿಗೆ ಮಾತ್ರ ಒಂದು ಸಲವೂ ಬಿಚ್ಚಿಸಲಿಲ್ಲ. ಅವನದು ಚೆನ್ನಾಗಿರಲಿಲ್ಲ ಅಂತ ನಾವು ಮೂವರೂ ಸಾಕ್ಷಿ ಹೇಳಬಲ್ಲೆವು.

ಕೈಕೆಲಸ ಅಂದರೆ ಬುದ್ಧಿ ಬೇಡದ ಕೆಲಸ, ಓದಿ ಸುಸ್ತಾದ ತಲೆಗೆ ವಿಶ್ರಾಂತಿ ಅಂತ ನಾವೂ ಅಂದುಕೊಂಡಿದ್ದೆವು. ಆ ನಂಬಿಕೆ ಹಳ್ಳಿಗೆ ಬರೋ ಮುಂಚೆ ಧಾರವಾಡದಲ್ಲೇ ಅರ್ಧ ಬಿದ್ದಿತ್ತು. ಅಲ್ಲಿ ಗೆಳೆಯನ ಅಮ್ಮ ಕಸೂತಿ ಹಾಕುತ್ತಾರೆ. ಕಸೂತಿಯಲ್ಲಿ ಗವಂತಿ, ಮುರಗಿ, ನೇಯ್ಗಿ, ಮೆಂತೆ ಅಂತ ನಾಲ್ಕು ಬಗೆ ಹೊಲಿಗೆ. ಗವಂತಿಯಲ್ಲಿ ಗಂಟು ಹಾಕಂಗಿಲ್ಲ, ಬಟ್ಟೆಯ ಎರಡೂ ಬದಿ ಒಂದೇ ಥರ ಕಾಣಬೇಕು. ಒಂದು ಗೋಪುರ ಹಾಕಿ ತೋರಿಸಿದರು. ದಾರ ಒಂದು ಕಡೆಯಿಂದ ಒಂದು ಹೊಲಿಗೆ ಬಿಟ್ಟು ಒಂದು ಹಾಕುತ್ತಾ ಹೋಯಿತು, ವಾಪಸ್ ಬರುತ್ತಾ ಬಿಟ್ಟ ಜಾಗ ತುಂಬುತ್ತಾ ಬಂತು, ಶುರುವಾದ ತೂತಿನಲ್ಲೇ ಮುಗಿಯಿತು. ಹಿಂದೆ ತಿರುಗಿಸಿದರೆ ಅದೇ ಗೋಪುರ.

ಗ್ರಾಫ್ ಥಿಯರಿ ಓದಿದವರಿಗೆ ಮೈ ಜುಂ ಅನ್ನಬೇಕು. 1736ರಲ್ಲಿ ಆಯ್ಲರ್ ಕೋನಿಗ್ಸ್‌ಬರ್ಗ್ ಪಟ್ಟಣದ ಏಳು ಸೇತುವೆಗಳನ್ನು ಒಂದೊಂದೇ ಸಲ ದಾಟಿ ಮುಗಿಸೋಕೆ ಸಾಧ್ಯವಿಲ್ಲ ಅಂತ ತೋರಿಸಿದ. ನೆಲದ ನಾಲ್ಕೂ ತುಂಡಿಗೆ ಬೆಸ ಸಂಖ್ಯೆಯ ಸೇತುವೆಗಳಿದ್ದವು, ಅದಕ್ಕೇ. ಆದರೆ ಪ್ರತಿ ಸೇತುವೆಯನ್ನೂ ಎರಡು ಸಲ ದಾಟಬಹುದು ಅಂದರೆ ಎಲ್ಲ ಕಡೆಯೂ ಸಮ ಸಂಖ್ಯೆಯಾಗುತ್ತದೆ, ದಾರಿ ಸಿಕ್ಕೇ ಸಿಗುತ್ತದೆ. ಗವಂತಿ ಮಾಡೋದು ಇದನ್ನೇ. ಚಿತ್ರ ಎಲ್ಲೂ ತುಂಡಾಗಿರಬಾರದು ಅಷ್ಟೇ. ಗೋಪುರ, ತೇರು, ತುಳಸಿಕಟ್ಟೆ ಏನೇ ಇರಲಿ, ಒಂದೇ ದಾರ ಪ್ರತಿ ಗೆರೆಯ ಮೇಲೂ ಎರಡು ಸಲ ಓಡಾಡಿ ಹೊರಟಲ್ಲಿಗೇ ಬರುತ್ತದೆ. ಒಂದು ಸಲ ಬಟ್ಟೆಯ ಮೇಲೆ, ಒಂದು ಸಲ ಕೆಳಗೆ ಬರಲೇಬೇಕಲ್ಲ, ಅದು ಹೇಗೆ ತಪ್ಪಲ್ಲ ಅಂತ ಒಂದು ರಾತ್ರಿಯೆಲ್ಲ ಕಾಗದದ ಮೇಲೆ ಗೀಚಿದೆವು. ತೂತುಗಳಿಗೆ ಚದುರಂಗದ ಮನೆಗಳ ಹಾಗೆ ಕಪ್ಪು ಬಿಳಿ ಬಣ್ಣ ಕೊಟ್ಟರೆ, ಅಡ್ಡ ನೆಟ್ಟಗಿನ ಪ್ರತಿ ಹೊಲಿಗೆಯೂ ಕಪ್ಪಿನಿಂದ ಬಿಳಿಗೋ ಬಿಳಿಯಿಂದ ಕಪ್ಪಿಗೋ ಹೋಗುತ್ತದೆ. ಹೋದ ಗೆರೆಯಲ್ಲಿ ಎದುರು ದಿಕ್ಕಿನಿಂದ ವಾಪಸ್ ಬಂದರೆ ತಾನಾಗೇ ಇನ್ನೊಂದು ಬದಿಗೆ ಬೀಳುತ್ತದೆ. ಬೆಳಿಗ್ಗೆ ದೊಡ್ಡ ಸಾಧನೆ ಮಾಡಿದವರ ಹಾಗೆ ಅಮ್ಮನಿಗೆ ವಿವರಿಸಿದೆವು. ಅವರು ಅವಲಕ್ಕಿಗೆ ಒಗ್ಗರಣೆ ಹಾಕುತ್ತಲೇ ಕೇಳಿ, "ಹೌದಪ್ಪಾ, ಹೋದ ದಾರಿಲೇ ತಿರುಗಿ ಬರಬೇಕು. ಇಲ್ಲಂದ್ರ ತಪ್ತದ" ಅಂದರು. ಅವರಿಗೆ ಅದನ್ನು ಹೇಳಿಕೊಟ್ಟದ್ದು ಅವರ ಅತ್ತೆ.

ಈಗ ನಮ್ಮ ಅಭಿಪ್ರಾಯ. ಎರಡು ಸೆಮಿಸ್ಟರಿನ ನಡುವೆ ಸಿಗೋ ಮೂರು ವಾರದಲ್ಲಿ ಒಂದು ಪಾಲು ಯಾವ ಫಾರ್ಮಿಗೂ ಸೇರದ ಹಾಗೆ ಉಳಿಸಿಕೊಳ್ಳಬೇಕು. ಪಾಂಡಿತ್ಯಕ್ಕಲ್ಲ, ಮನಶ್ಶಾಂತಿಗೂ ಅಲ್ಲ. ಡಿಜಿಟಲ್ ಡಿಟಾಕ್ಸ್ ಅಂತ ಫೋನು ಪೆಟ್ಟಿಗೆಯಲ್ಲಿಡೋ ಫ್ಯಾಷನ್ ನಮಗೆ ಬೇಡ. ನಿಜ ಹೇಳಬೇಕಂದರೆ ಎರಡನೇ ದಿನ ಮಧ್ಯಾಹ್ನ ಬೇಜಾರಾಗಿ ನಾಲ್ವರೂ ಒಂದು ಗೆರೆ ನೆಟ್‌ವರ್ಕಿಗಾಗಿ ಮಾಳಿಗೆ ಹತ್ತಿ ನಿಂತಿದ್ದೆವು. ನಮ್ಮ ಕಾರಣ ಇನ್ನೂ ಸರಳ. ಕೋರ್ಸು ಮುಂದಿನ ವರ್ಷವೂ ಇರುತ್ತದೆ, ಬಹುಶಃ ರಿಯಾಯಿತಿ ದರದಲ್ಲಿ. ಆಯಿಯ ಕಣ್ಣು ಇರಲಿಲ್ಲ. ನಮ್ಮ ಮನೆಗಳಲ್ಲಿ ಕೆಲವರ ಕೈಯಲ್ಲಿರೋ ವಿದ್ಯೆ ವಿಡಿಯೋ ಆಗಿಲ್ಲ, ಪಿಡಿಎಫ್ ಆಗಿಲ್ಲ. ಅದು ಸಿಗೋದು ಅವರು ಕೂತಿರುವಾಗ ಪಕ್ಕದಲ್ಲಿ ಕೂತವರಿಗೆ, ಅದೂ ಅವರಿಗೆ ಕಾಣಿಸುವಷ್ಟು ದಿನ.

ಇದಕ್ಕೆ ಬರೋ ಉತ್ತರ ನಮಗೆ ಗೊತ್ತು, ಯಾಕಂದರೆ ನಾವೇ ಒಬ್ಬರಿಗೊಬ್ಬರು ಹೇಳಿಕೊಂಡಿದ್ದೇವೆ. ಪ್ಲೇಸ್‌ಮೆಂಟ್ ಮೊದಲಿನ ಹಾಗಿಲ್ಲ. ಪಕ್ಕದ ರೂಮಿನವನು ಎರಡು ಇಂಟರ್ನ್‌ಶಿಪ್ ಮುಗಿಸಿದ್ದಾನೆ. ಎಜುಕೇಷನ್ ಲೋನಿನ ಕಂತು ಕೌದಿ ತೋರಿಸಿದರೆ ನಿಲ್ಲಲ್ಲ. ಎಲ್ಲ ನಿಜ. ರಜೆಯಲ್ಲಿ ದುಡಿಯಲೇಬೇಕಾದ ಗೆಳೆಯರಿದ್ದಾರೆ, ಅವರಿಗೆ ಈ ಮಾತು ಹೇಳೋ ಹಕ್ಕು ನಮಗಿಲ್ಲ. ಆದರೆ ನಮ್ಮಲ್ಲಿ ಹೆಚ್ಚಿನವರು ರಜೆಯಲ್ಲಿ ಮಾಡೋದು ದುಡಿಮೆಯೂ ಅಲ್ಲ, ಓದೂ ಅಲ್ಲ. ಏನೋ ಮಾಡುತ್ತಿದ್ದೇವೆ ಅಂತ ತೋರಿಸಿಕೊಳ್ಳೋದು. ವಿಡಿಯೋ ಓಡುತ್ತಿರುತ್ತದೆ, ಕೈಯಲ್ಲಿ ರೀಲ್ಸ್ ಇರುತ್ತದೆ, ಅಡುಗೆಮನೆಯಿಂದ ಕರೆದರೆ 'ಕ್ಲಾಸಿದೆ' ಅಂತೇವೆ. ಹಿಂದಿನ ವರ್ಷ ಆ ಕೋರ್ಸಿನಲ್ಲಿ ಕಲಿತದ್ದೇನು ಅಂತ ಗೆಳೆಯನನ್ನು ಕೇಳಿದೆವು. ಸ್ವಲ್ಪ ಹೊತ್ತು ಯೋಚಿಸಿ "ಪಾಸ್‌ವರ್ಡ್ ಮರೆತಿದೆ" ಅಂದ.

ನಮ್ಮ ಕಡೆಯದೂ ಒಂದು ತಪ್ಪು ಒಪ್ಪಿಕೊಳ್ಳಬೇಕು. ಚಳಿಗಾಲ, ಬಿಸಿಲು, ಬೆಕ್ಕು, ಸೂಜಿ, ಎಷ್ಟು ಶಾಂತ ದಿನಗಳು ಅಂತ ನಾವು ಹಿಗ್ಗುತ್ತಿದ್ದಾಗ ಗೆಳೆಯನ ಅಮ್ಮ ಒಳಗೆ ನಾಲ್ಕು ಗಂಡುಹುಡುಗರ ಹೊಟ್ಟೆಗೆ ರೊಟ್ಟಿ ಬಡಿಯುತ್ತಿದ್ದರು. ಎಳ್ಳ ಅಮಾವಾಸ್ಯೆಯ ಹಿಂದಿನ ದಿನವಂತೂ ಸಜ್ಜೆ ರೊಟ್ಟಿ, ಜೋಳದ ಕಡಬು, ಭಜ್ಜಿ ಪಲ್ಯ, ಶೇಂಗಾ ಹೋಳಿಗೆ ಅಂತ ಮಧ್ಯರಾತ್ರಿವರೆಗೂ ಅವರಿಗೆ ಕೂರೋಕೆ ಪುರಸೊತ್ತಿಲ್ಲ. ಮಾರನೇ ದಿನ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಕಡಲೆ ಗಿಡದ ನಡುವೆ ಕೂತು ಹೊಟ್ಟೆ ಬಿರಿಯೆ ಉಂಡು ಅಲ್ಲೇ ಅಡ್ಡಾದವರು ನಾವು. ಪಾತ್ರೆ ತುಂಬಿದ ಬುಟ್ಟಿ ಹೊತ್ತು ವಾಪಸ್ ಬಂದವರು ಅವರು. ನಮ್ಮ ಶಾಂತಿ ಅವರ ಬೆನ್ನ ಮೇಲಿತ್ತು. ಅವತ್ತು ಸಂಜೆಯಿಂದ ನೀರು ತರೋದು, ಪಾತ್ರೆ ತಿಕ್ಕೋದು ನಮ್ಮ ಪಾಲಿಗೆ ತಗೊಂಡೆವು. "ಗಣಮಕ್ಕಳು ಸೂಜಿ ಹಿಡದ್ರು, ಈಗ ಮುಸುರಿ ತಿಕ್ಕಾಕತ್ಯಾರ, ಇನ್ನ ಏನೇನ್ ನೋಡಬೇಕೋ" ಅಂತ ಪಕ್ಕದ ಮನೆಯವರು ನಕ್ಕರು. ಆಯಿಗೂ ಕೌದಿ ಹವ್ಯಾಸ ಆಗಿರಲಿಲ್ಲ. ಹೊಲದಿಂದ ಬಂದು, ಅಡುಗೆ ಮುಗಿಸಿ, ದೀಪದ ಬೆಳಕಲ್ಲಿ ಹೊಲಿದದ್ದು, ಯಾಕಂದರೆ ಮನೆಯಲ್ಲಿ ಏಳು ಮಕ್ಕಳಿಗೆ ಹೊದಿಕೆ ಬೇಕಿತ್ತು. ನಾವು ಅದನ್ನು ವಿರಾಮ ಅಂತ ಕರೆಯೋ ಮುಂಚೆ ಇದು ನೆನಪಿರಬೇಕು. ಹೆಣ್ಣುಮಕ್ಕಳ ಹಾಸ್ಟೆಲಿನ ಒಬ್ಬಳು ಗೆಳತಿ ಈ ಬರಹದ ಮೊದಲ ಕರಡು ಓದಿ, "ನಿಮಗೆ ಮನೆ ಅಂದ್ರೆ ರಜೆ, ನಮಗೆ ಮನೆ ಅಂದ್ರೆ ಇನ್ನೊಂದು ಶಿಫ್ಟು" ಅಂದಳು. ಅದಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ, ಆ ಮಾತನ್ನು ಹಾಗೇ ಇಲ್ಲಿ ಸೇರಿಸಿದ್ದೇವೆ.

ಇನ್ನೊಂದು ಭಯ ಇದೆ. ಇದನ್ನು ಓದಿ ಯಾರಾದರೂ 'ಕೌದಿ ಕಾರ್ಯಾಗಾರ' ಮಾಡಿ ಆಕ್ಟಿವಿಟಿ ಪಾಯಿಂಟ್ ಕೊಡೋಣ ಅಂತ ಹೊರಟರೆ? ಎಐಸಿಟಿಇ ಲೆಕ್ಕದಲ್ಲಿ ರೆಗ್ಯುಲರ್ ವಿದ್ಯಾರ್ಥಿಗೆ 100, ಲ್ಯಾಟರಲ್ ಎಂಟ್ರಿಯವರಿಗೆ 75 ಪಾಯಿಂಟ್ ಬೇಕು, ನಮಗೂ ಇನ್ನೂ ಬಾಕಿ ಇವೆ. ಆದರೂ ಬೇಡ. ಬ್ಯಾನರ್ ಕಟ್ಟಿ, ಗುಂಪು ಫೋಟೋ ತೆಗೆದು, ಎರಡು ಗಂಟೆಯಲ್ಲಿ ಮುಗಿಸಿದರೆ ಸೂಜಿ ಚುಚ್ಚಿಸಿಕೊಳ್ಳೋದಷ್ಟೇ ಸಿಗೋದು.

ಹನ್ನೊಂದನೇ ದಿನ ಹೊರಟೆವು. ಕೌದಿ ಮುಗಿದಿರಲಿಲ್ಲ. ನಡುವೆ ಒಂದು ಗೇಣಿನಷ್ಟು ಜಾಗ ಉಳಿದಿತ್ತು. ರಾತ್ರಿ ಕೂತು ಮುಗಿಸಿಬಿಡೋಣ ಅಂದರೆ ಆಯಿ ಬೇಡ ಅಂದರು. ಆ ಮನೆಯಲ್ಲಿ ಕೌದಿಯ ನಡುಭಾಗ ಮುಚ್ಚೋ ಮುಂಚೆ ಅದರೊಳಗೆ ಒಂದು ಚೂರು ಹೋಳಿಗೆ ಇಡುತ್ತಾರೆ, ಕೌದಿಯ ಹೊಟ್ಟೆ ತುಂಬಿಸೋದು ಅಂತಾರೆ. ಅದನ್ನು ಅವಸರದಲ್ಲಿ ಮಾಡಬಾರದಂತೆ. "ಮುಂದಿನ ಸೂಟಿಗೆ ಬರ್ರಿ. ಅಲ್ಲೀತನಕ ಹಂಗ ಇರ್ಲಿ" ಅಂದರು. ಸೂಜಿ ಮಾತ್ರ ತೆಗೆದು ಎಣ್ಣೆ ಹಚ್ಚಿ ಡಬ್ಬಿಯಲ್ಲಿಟ್ಟು ಬಂದಿದ್ದೇವೆ.

ನಿನ್ನೆ ಗೆಳೆಯನ ಅಮ್ಮ ವಾಟ್ಸಾಪಿನಲ್ಲಿ ಫೋಟೋ ಕಳಿಸಿದ್ದರು. ಪಡಸಾಲೆಯಲ್ಲಿ ಕೌದಿ ಹಾಸಿದೆ, ಸರಿಯಾಗಿ ಆ ಒಂದು ಗೇಣು ಜಾಗದಲ್ಲಿ ಕೆಂಚ ಸುತ್ತಿ ಮಲಗಿದ್ದಾನೆ. ಅದೇ ಸಂಜೆ ಫಾರ್ಮಿನ ಕಡೆಯಿಂದ ಮೇಲ್ ಬಂತು: 'ಇತರೆ' ಒತ್ತಿದವರು ಸಂಬಂಧಪಟ್ಟ ಪ್ರಮಾಣಪತ್ರ ಅಪ್‌ಲೋಡ್ ಮಾಡಬೇಕು. ಆ ಫೋಟೋವನ್ನೇ ಹಾಕಿದ್ದೇವೆ. ಫೈಲ್ ಸೈಜು ಜಾಸ್ತಿ ಅಂತ ಒಂದು ಸಲ ತಿರಸ್ಕಾರ ಆಯ್ತು, ಎರಡನೇ ಸಲ ತಗೊಂಡಿತು.